ಮೋಟಾರು ದೀಪಕ್ಕೆ ಬೆಳ್ಳಿ ಮುಲಾಮು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಮದುವೆಯಾಗಿ ಮಧುಗಿರಿಗೆ ಬಂದು ಮೂರು ವರ್ಷವಾಗಿತ್ತು. ನಮ್ಮ ಯಜಮಾನರು ಒಂದು ಹಳೇ ಬಾಡಿಗೆ ಮೋಟಾರು ಇಟ್ಟುಕೊಂಡಿದ್ದರು. ಬೆಳಿಗ್ಗೆ ಜನರನ್ನು ಕೂರಿಸಿಕೊಂಡು ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗಿ, ಕತ್ತಲಾಗುವ ಹೊತ್ತಿಗೆ ವಾಪಸು ಬರುತ್ತಿದ್ದರು. ಅದಕ್ಕೂ ಮೊದಲು ಶಿರಾದಲ್ಲಿ ಅವರಣ್ಣನ ಅಂಗಡಿಯಲ್ಲಿ ದಿನವಿಡೀ ಬೈಸಿಕೊಂಡು ಮೂಟೆ ಹೊರುತ್ತಿದ್ದವರು.

ಒಂದು ದಿನ ತಪಾಸಣೆಯ ಇನ್ಸ್‌ಪೆಕ್ಟರು ಬಂದು ಮೋಟಾರಿನ ಮುಂದಿನ ಲೈಟು ಹಾಕಿಸಿ ನೋಡಿದರು. "ಏನ್ರೀ ಇದು, ಇದಕ್ಕಿಂತ ಲಾಟೀನೇ ವಾಸಿ. ಎದುರಿಗೆ ಎತ್ತಿನಗಾಡಿ ಬಂದ್ರೆ ಕಾಣ್ಸುತ್ತೇನ್ರೀ? ಸೋಮವಾರ ಮತ್ತೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಲೈಸೆನ್ಸು ರದ್ದು" ಎಂದು ಹೇಳಿ ಹೋದರು.

ತಪ್ಪು ಬಲ್ಬಿನದಲ್ಲ. ಬಲ್ಬಿನ ಹಿಂದೆ, ಬೆಳಕನ್ನು ಮುಂದಕ್ಕೆ ಎಸೆಯುವ ಹಿತ್ತಾಳೆಯ ಬಟ್ಟಲೊಂದಿರುತ್ತದೆ. ಅದರ ಒಳಮೈಗೆ ಬೆಳ್ಳಿಯ ಮುಲಾಮು, ಅಂದರೆ ತೆಳ್ಳನೆಯ ಲೇಪ, ಇರುತ್ತದೆ. ನಮ್ಮ ಮೋಟಾರಿನಲ್ಲಿ ಆ ಬೆಳ್ಳಿ ಪೂರಾ ಕಪ್ಪಾಗಿತ್ತು. ಯುದ್ಧದ ದೆಸೆಯಿಂದ ಹೊಸದು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಯಜಮಾನರು ಎರಡೂ ಬಟ್ಟಲು ಬಿಚ್ಚಿ ಜಗಲಿಯ ಮೇಲಿಟ್ಟು ಪೇಟೆ ಕಡೆ ಹೋದರು. ನಮ್ಮತ್ತೆ, ಪಾಪ, ಮಗನಿಗೆ ಒಳ್ಳೆಯದಾಗಲೆಂದು ಹುಣಸೆಹಣ್ಣು, ಬೂದಿ ಹಾಕಿ ಅವನ್ನು ತಿಕ್ಕಿಯೇ ತಿಕ್ಕಿದರು. ಉಳಿದಿದ್ದ ಚೂರುಪಾರು ಬೆಳ್ಳಿಯೂ ಹೋಗಿ, ಬಟ್ಟಲು ಪೂಜೆಯ ತಂಬಿಗೆಯ ಹಾಗೆ ಹಳದಿಯಾಗಿ ಕೂತವು!

"ನೋಡ್ಲಾ, ಹೆಂಗೆ ಫಳಫಳ ಅಂತಾವೆ!" ಎಂದು ಪೇಟೆಯಿಂದ ಬಂದ ಮಗನಿಗೆ ತೋರಿಸುತ್ತಾ ಅತ್ತೆಗೆ ಹಿಗ್ಗೋ ಹಿಗ್ಗು.

"ಕೆಟ್ಟೆ ಕಣವ್ವಾ! ಇನ್ನು ಶಿರಾಕ್ಕೇ ಹೋಗ್ಬೇಕು, ಅಣ್ಣನ ಅಂಗ್ಡೀಲಿ ಮೂಟೆ ಹೊರ್ಬೇಕು" ಎಂದು ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು.

ನನಗೆ ರೇಗಿಹೋಯಿತು. "ನಾನಿರೋಗಂಟ ಆ ಅಂಗ್ಡಿ ಮೆಟ್ಲು ಹತ್ತೋ ಮಾತಿಲ್ಲ, ಸುಮ್ಕಿರಿ" ಎಂದುಬಿಟ್ಟೆ. ಅಂದಮೇಲೆ ಏನಾದರೂ ಮಾಡಲೇಬೇಕಲ್ಲ!

ನಮ್ಮ ಬೀದಿಯಲ್ಲಿದ್ದ ಅಕ್ಕಸಾಲಿ ಆಚಾರರು ದೇವರ ಹಿತ್ತಾಳೆ ಮುಖವಾಡಗಳಿಗೆ ಬೆಳ್ಳಿ ಮುಲಾಮು ಹಾಕುವುದನ್ನು ನೋಡಿದ್ದೆ. ಮುರಿದುಹೋಗಿದ್ದ ನನ್ನ ಗೆಜ್ಜೆಯನ್ನೂ ಬಟ್ಟಲುಗಳನ್ನೂ ಎತ್ತಿಕೊಂಡು ಅವರಲ್ಲಿಗೆ ಹೋದೆ.

"ದೇವ್ರಿಗೆ ಹಾಕೋ ಕೈಲಿ ಮೋಟಾರ್ಗೆ ಹಾಕ್ಲೇನಮ್ಮಾ? ಆಗಾಕಿಲ್ಲ ಬುಡು" ಎಂದರು.

"ನೀವು ಹಾಕ್ಬ್ಯಾಡಿ. ಬೆಳ್ಳಿ ಹದ ಮಾಡ್ಕೊಡಿ, ನಾನೇ ಹಾಕ್ತೀನಿ" ಎಂದು ಅವರ ಜಗಲಿಯ ಮೇಲೆ ಕೂತೆ. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಕೊನೆಗೆ ಅವರಿಗೇ ಸಾಕಾಗಿ, ಬೆಳ್ಳಿಯನ್ನು ದ್ರಾವಕದಲ್ಲಿ ಕರಗಿಸಿ, ಉಪ್ಪು ಬೆರೆಸಿ, ಬಿಳಿ ಹಿಟ್ಟಿನಂಥದ್ದು ಮಾಡಿಕೊಟ್ಟರು. "ಒದ್ದೆ ಬಟ್ಟೇಲಿ ಉಜ್ಜಮ್ಮ. ಬರಿಗೈ ಮಾತ್ರ ತಾಗುಸ್ಬ್ಯಾಡ" ಎಂದರು.

ಮನೆಗೆ ಬಂದು ಉಜ್ಜಿದೆ. ಮೊದಲ ಸಲ ಹೆಬ್ಬೆರಳು ತಾಗಿ ಬಟ್ಟಲಿನ ನಡುಮಧ್ಯೆ ಅಚ್ಚು ಬಿತ್ತು. ಅಳುವೇ ಬಂತು. ಪೂರ್ತಿ ಕೆರೆದು ಮತ್ತೆ ಶುರುಮಾಡಿದೆ. ಬೆಳ್ಳಿಯೇನೋ ಹಿಡಿಯಿತು, ಆದರೆ ಮಂಕು. ಯೋಚನೆ ಮಾಡಿ ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಪುಡಿಮಾಡಿದೆ. ನಮ್ಮಲ್ಲಿ ಲಿಂಗದ ಬೆಳ್ಳಿ ಕರಡಿಗೆಯನ್ನು ವಿಭೂತಿಯಲ್ಲೇ ಒರೆಸುವುದು.

"ಶಿವಶಿವಾ! ಹಣೆಗಿಟ್ಕೊಳೋದನ್ನ ಮೋಟಾರ್ಗೆ ಹಚ್ತೀಯಾ?" ಎಂದು ಯಜಮಾನರು ಹೌಹಾರಿದರು.

"ದೀಪಕ್ಕೇ ತಾನೇ ಹಚ್ತಿರೋದು? ಶಿವ ಏನೂ ಬೇಜಾರು ಮಾಡ್ಕೊಳಾಕಿಲ್ಲ" ಎಂದು ಹಳೇ ಪಂಚೆಯ ಚೂರಿನಿಂದ ಮೆಲ್ಲಗೆ ಒರೆಸಿದೆ. ಒರೆಸುತ್ತಾ ಒರೆಸುತ್ತಾ ನನ್ನ ಮುಖವೇ ತಲೆಕೆಳಗಾಗಿ ಕಾಣಿಸಿತು.

ಸೋಮವಾರ ಇನ್ಸ್‌ಪೆಕ್ಟರು ಬಂದು, ಮನೆ ಪಕ್ಕದ ಕೊಟ್ಟಿಗೆಯಲ್ಲಿ ನಿಂತಿದ್ದ ಮೋಟಾರಿನ ಲೈಟು ಹಾಕಿಸಿದರು. ಎದುರು ಗೋಡೆಯ ಸುಣ್ಣದ ಬಿರುಕೆಲ್ಲ ಕಾಣಿಸಿತು. "ಭೇಷ್! ಎಲ್ಲಿ ಮಾಡಿಸಿದ್ರಿ?" ಎಂದರು.

ಹೆಂಗಸು ಮಾಡಿದ ಕೆಲಸ ಅಂದರೆ ಒಪ್ಪುತ್ತಾರೋ ಇಲ್ಲವೋ ಎಂದು ಹೆದರಿ ಯಜಮಾನರು, "ಬೆಂಗ್ಳೂರಲ್ಲಿ ಸ್ವಾಮಿ" ಎಂದುಬಿಟ್ಟರು!

ಬಾಗಿಲ ಹಿಂದೆ ನಿಂತಿದ್ದ ನನ್ನ ಮೈಯೆಲ್ಲ ಉರಿದುಹೋಯಿತು. ಆಗ ಅಧಿಕಾರಿಗಳ ಮುಂದೆ ಹೆಂಗಸರು ಮಾತಾಡುತ್ತಿರಲಿಲ್ಲ. ಸೆರಗು ಹೊದ್ದು ಹೊರಗೆ ಬಂದವಳೇ, "ಬೆಂಗ್ಳೂರೂ ಇಲ್ಲ, ಏನೂ ಇಲ್ಲ ಸ್ವಾಮಿ. ನಾನು ಮಾಡಿದ್ದು" ಎಂದು ಎರಡೂ ಕೈ ಚಾಚಿದೆ. ಬೆಳ್ಳಿಯ ಆ ಬಿಳಿ ಹಿಟ್ಟು ಹತ್ತಿದ್ದ ಬೆರಳುಗಳೆಲ್ಲ ಬಿಸಿಲು ತಾಗಿ ಕಪ್ಪಾಗಿದ್ದವು. ಯಜಮಾನರ ಮುಖ ಬಿಳುಚಿಕೊಂಡಿತು. ನನಗೂ ಆಗಲೇ ಅನ್ನಿಸಿದ್ದು, ಕೈಗೆ ಬಂದದ್ದನ್ನು ನಾನೇ ಹಾಳುಮಾಡಿದೆನೇ ಎಂದು.

ಇನ್ಸ್‌ಪೆಕ್ಟರು ಬೆರಳು ನೋಡಿದರು, ಲೈಟು ನೋಡಿದರು. "ಗಟ್ಟಿಗಿತ್ತಿ ಕಣಮ್ಮ ನೀನು" ಎಂದು ನಕ್ಕು ಸಹಿ ಹಾಕಿಕೊಟ್ಟರು.

ನಾನು ಬಾಯಿ ಬಿಡದಿದ್ದರೂ ಲೈಸೆನ್ಸು ಸಿಕ್ಕೇ ಸಿಗುತ್ತಿತ್ತು. ಆದರೆ ಸುಮ್ಮನಿದ್ದಿದ್ದರೆ ಈ ವಯಸ್ಸಿನಲ್ಲೂ ನನ್ನ ಹೊಟ್ಟೆ ಉರಿಯುತ್ತಲೇ ಇರುತ್ತಿತ್ತು. ಯಜಮಾನರು ಆಮೇಲೆ ನನ್ನೊಡನೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮಿಡಿಗೇಶಿಯಿಂದ ನಮ್ಮ ಮೋಟಾರಿನಲ್ಲಿ ಬಂದವರೊಬ್ಬರು ನಮ್ಮ ಬಾಗಿಲಲ್ಲಿ ನಿಂತು, "ಲೈಟಿಗೆ ಬೆಳ್ಳಿ ಹಾಕ್ದೋರು ನೀವೇನವ್ವ? ನಿಮ್ಮೆಜಮಾನ್ರು ದಾರಿಯುದ್ದಕ್ಕೂ ಅದೇ ಹೇಳ್ಕೊಂಡು ಬಂದ್ರು" ಎಂದರು.