ಆರನೇ ನಂಬರ್ ಮನೆಯ ಈರಮ್ಮ

ಹಾನುಬಾಳಿನಾಚೆಯ ಎಸ್ಟೇಟಿನಲ್ಲಿ ಈರಮ್ಮನ ನಗು ಕೇಳಿಸದ ಪ್ಲಾಟಿಲ್ಲ. ಅವಳು ಕೆಳಗೆ ಹಳ್ಳದ ಬದಿಯಲ್ಲಿ ಹಣ್ಣು ಕೊಯ್ಯುತ್ತ ನಕ್ಕಳೆಂದರೆ ಮೇಲೆ ಕಣದಲ್ಲಿ ಕಾಫಿ ಹರಡುವವರು, ‘ಈರಕ್ಕ ಯಾರಿಗೋ ಏನೋ ಅಂದ್ಲು’ ಎಂದು ತಲೆಯೆತ್ತುತ್ತಾರೆ. ತವರು ಆಲೂರು ಕಡೆಯ ಕುಂದೂರು. ಮದುವೆಯಾಗಿ ಆಳುಗಳ ಸಾಲುಮನೆ ಲೈನಿನ ಆರನೇ ನಂಬರ್ ಮನೆಗೆ ಬಂದವಳು, ಮಗಳು ಶೃತಿಯನ್ನು ಹೆತ್ತದ್ದೂ ಅಲ್ಲೇ.

ಗಂಡ ಚಲುವಯ್ಯ ಊರಿಗೆ ಉಪಕಾರಿ, ಮನೆಗೆ ಮಾರಿ. ಯಾರ ಏಣಿ ಮುರಿದರೂ ಕಟ್ಟಿಕೊಡುವವನು ಅವನೇ, ಯಾರ ಹಸು ಹಳ್ಳಕ್ಕೆ ಬಿದ್ದರೂ ಮೊದಲು ಇಳಿಯುವವನು ಅವನೇ. ಸಂಜೆ ಸ್ವಲ್ಪ ಹಾಕಿಕೊಂಡು ಮನೆಗೆ ಬಂದನೆಂದರೆ ಬೇರೆಯೇ ಮನುಷ್ಯ. ಹೋದ ವರ್ಷ ಕೊಯ್ಲಿನ ಹೊತ್ತಿನಲ್ಲಿ ಹೆಂಡತಿಯ ಎಡಗೈ ಮುರಿದ. ಈರಮ್ಮ ಅದನ್ನೂ ಹೇಳುವುದು ಹೀಗೆ: “ಕೈ ಮುರ್ದಿದ್ದು ಅವ, ಚೀಲ ತುಂಬ್ಲಿಲ್ಲ ಅಂತ ಬೈದಿದ್ದು ರೈಟ್ರು, ಪಟ್ಟಿ ಕಟ್ಸ್ಕಂಡು ಕೂತಿದ್ದು ನಾನು. ಎಲ್ರಿಗೂ ಒಂದೊಂದು ಕೆಲ್ಸ ಐತೆ ಕಣಮ್ಮ.”

ಆ ಪಟ್ಟಿ ಕಟ್ಟಿದ ಕೈಯಲ್ಲೇ ಅವಳನ್ನು ಸಕಲೇಶಪುರಕ್ಕೆ ಕರೆದೊಯ್ದವಳು ಅಂಗನವಾಡಿಯ ವಾಣಿ ಟೀಚರ್. ಅರ್ಜಿ, ವಿಚಾರಣೆ, ವಾಯಿದೆ ಎಂದು ಓಡಾಡಿದ ಮೇಲೆ ಕೋರ್ಟಿನಿಂದ ರಕ್ಷಣೆಯ ಆದೇಶ ಬಂತು. ಚಲುವಯ್ಯ ಮನೆ ಬಿಡಬೇಕು, ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಈರಮ್ಮನ ಹತ್ತಿರ ಸುಳಿಯಬಾರದು, ಮೀರಿದರೆ ಜೈಲು. ಪೊಲೀಸಪ್ಪ ಬಂದು ಅವನಿಗೆ ಹೇಳಿ, ಎಸ್ಟೇಟಿನ ಹಾಜರಿ-ಲೆಕ್ಕ ಬರೆಯುವ ರೈಟರ್ ಶಿವಯ್ಯನ ಕಿವಿಗೂ ಹಾಕಿ ಹೋದ. ಚಲುವಯ್ಯ ಸದ್ಯಕ್ಕೆ ಸ್ನೇಹಿತನ ಜಗಲಿಯಲ್ಲಿ ಹಾಸಿಗೆ ಬಿಚ್ಚಿದ.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕಾನೂನು ಹೊಸದಾಗಿ ಎಷ್ಟೋ ವರ್ಷವಾದರೂ ಎಸ್ಟೇಟಿನ ಕಟ್ಟಳೆ ಹಳೆಯದೇ.

ಬೆಳಿಗ್ಗೆ ಸ್ಟೋರಿನ ಮುಂದೆ ಹಾಜರಿ. ಯಾರು ಯಾವ ಪ್ಲಾಟಿಗೆ ಎಂದು ರೈಟರ್ ಕೂಗುತ್ತಾನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರೆ ಅವರು ಜೋಡಿ. ಜೋಡಿಗೆ ಒಂದೇ ಕೂಗು, ಗಂಡನ ಹೆಸರಲ್ಲಿ. ಜೋಡಿಗೆ ಲೈನಿನಲ್ಲೊಂದು ಮನೆ, ಅದೂ ಗಂಡನ ಹೆಸರಲ್ಲಿ. ಗಂಡ ಸತ್ತವಳು, ಗಂಡ ಬಿಟ್ಟವಳು ಒಂಟಿ. ಒಂಟಿಗಳಿಗೆ ಹೊಂಗಡಹಳ್ಳದ ಕಡೆಯ ಎರಡನೇ ಡಿವಿಜನ್‌ನಲ್ಲಿ ಒಂದು ಉದ್ದನೆಯ ಕೋಣೆ, ಸಾಲಾಗಿ ಚಾಪೆ.

ಶಿವಯ್ಯ ಕೆಟ್ಟವನಲ್ಲ. ಜೋಡಿ ಮುರಿಯಿತು, ಈರಮ್ಮ ಒಂಟಿಯಾದಳು, ಹೊಂಗಡಹಳ್ಳಕ್ಕೆ ಹೋದರೆ ಗಂಡ ಹತ್ತಿರ ಸುಳಿಯುವ ಮಾತೇ ಇಲ್ಲ ಎಂದು ಲೆಕ್ಕ ಹಾಕಿದ. ಕೋರ್ಟಿನ ಮಾತೂ ಉಳಿಯಿತು, ಎಸ್ಟೇಟಿನ ಪದ್ಧತಿಯೂ ಉಳಿಯಿತು ಎಂದು ತನ್ನ ಬುದ್ಧಿಗೆ ತಾನೇ ಮೆಚ್ಚಿ, ಜೀಪಿನ ಅಫ್ರೋಜನಿಗೆ ಹೇಳಿಕಳಿಸಿದ.

ಮರುದಿನ ಹಾಜರಿಗೆ ಮುಂಚೆ ಜೀಪು ಲೈನಿನ ಮುಂದೆ ನಿಂತಿತು.

“ಈರಕ್ಕ, ಪಾತ್ರೆ ಪಗಡ ಎತ್ತಿಡು. ಹೊಂಗಡಹಳ್ಳಕ್ಕೆ ಬುಟ್ಟು ಬಾ ಅಂದವ್ರೆ ರೈಟ್ರು.”

“ಯಾಕಂತೆ?”

“ನಿನ್ನ ಒಳ್ಳೇದಕ್ಕಂತೆ.”

“ಹೊಡ್ದೋನು ಇಲ್ಲೇ, ಹೊಡಿಸ್ಕಂಡೋಳು ಹೊಂಗಡಹಳ್ಳಕ್ಕೆ. ನನ್ನ ಒಳ್ಳೇದು ಬಾಳ ದೂರ ಐತೆ ಕಣಪ್ಪ.”

ಮಾತು ನಗೆಯದಾದರೂ ಈರಮ್ಮನ ಮುಖ ಕಂದಿತ್ತು. ಒಂಟಿಗಳ ಆ ಕೋಣೆಯಲ್ಲಿ ಮಕ್ಕಳಿಗೆ ಜಾಗವಿಲ್ಲ. ಅವಳು ಜೀಪು ಹತ್ತಿದರೆ ಶೃತಿ ಹಾನುಬಾಳಿನ ಸ್ಕೂಲು ಬಿಟ್ಟು ಕುಂದೂರಿನ ಮಾವನ ಮನೆಯ ಮೂಲೆ ಸೇರಬೇಕು. ಚಲುವಯ್ಯ ಆರನೇ ನಂಬರಿಗೆ ಮರಳಿ ಕಾಲು ಚಾಚಿ ಮಲಗುತ್ತಾನೆ.

ಒಳಗೆ ಹೋದಳು. ಹೊರಗೆ ಬಂದದ್ದು ಗಂಡನ ಕಂಬಳಿ, ಗಂಡನ ಗಂಬೂಟು, ಕಬಡ್ಡಿಯಲ್ಲಿ ಗೆದ್ದಾಗ ಹಾರ ಹಾಕಿಸಿಕೊಂಡ ಫೋಟೊ, ಕೊನೆಗೆ ಅವನ ಟ್ರಂಕು. ಇನ್ನೊಂದು ತುದಿ ಹಿಡಿದವಳು ಪಕ್ಕದ ಮನೆಯ ಕಲ್ಯಾಣಮ್ಮ.

“ಏನೇ ಇದು, ಇಷ್ಟೊಂದು ಭಾರ?”

“ಅವನ ಗಂಡಸ್ತನ ಇರ್ಬೇಕು. ಹುಷಾರು, ಕಾಲ್ ಮೇಲೆ ಬಿದ್ದಾತು.”

ಅಫ್ರೋಜ್ ತಲೆ ಕೆರೆದುಕೊಂಡ. “ಅಕ್ಕ, ಇದೆಲ್ಲ ಚಲುವಣ್ಣನ ಸಾಮಾನು.”

“ಗೊತ್ತೈತೆ. ಸ್ಟೋರಿನ ತಾವ ನಡಿ.”

ಸ್ಟೋರಿನ ಮುಂದೆ ಆಳುಗಳು ಸೇರಿದ್ದರು. ಚಲುವಯ್ಯ ದೂರದ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ. ಜೀಪಿನಿಂದ ಇಳಿದ ಈರಮ್ಮನನ್ನು ಕಂಡು ಶಿವಯ್ಯ ಗಾಬರಿಯಾದ. “ಏನಮ್ಮ, ಇನ್ನೂ ಹೊರಟಿಲ್ವ?”

“ಹೋಗು ಅಂತ ಕೋರ್ಟು ಅಂದಿದ್ದು ಅವನ್ನ, ರೈಟ್ರೇ. ನೀವು ನನ್ನ ಕಳಿಸ್ತಿದೀರ.”

“ಮನೆ ಅವನ ಹೆಸ್ರಲ್ಲಿ ಐತಲ್ಲಮ್ಮ. ಒಂಟಿ ಹೆಂಗಸಿಗೆ ಲೈನ್ ಮನೆ ಕೊಟ್ಟಿದ್ದು ನಮ್ಮಲ್ಲಿಲ್ಲ.”

“ಹೋಗ್ಲಿ ಬುಡಿ, ಗಾಳಿ ಬದ್ಲಾದಂಗಾಯ್ತದೆ ಅವ್ಳಿಗೆ,” ಎಂದು ಮೂಲೆಯಿಂದ ಚಲುವಯ್ಯ.

ಈರಮ್ಮ ಅತ್ತ ತಿರುಗಲಿಲ್ಲ. ಸೆರಗಿನ ಗಂಟಿನಿಂದ ಆದೇಶದ ಪ್ರತಿ ತೆಗೆದು ಕೊಟ್ಟಳು. “ಪೊಲೀಸಪ್ಪ ಹೇಳಿದ್ದಷ್ಟೇ ನೀವು ಕೇಳಿದ್ದು. ಒಂದ್ಸಲ ಓದಿ. ಹಾಜರಿ ಕೂಗಿದಂಗೆ ಕೂಗಿ ಓದಿ.”

ಹಾಜರಿಯಲ್ಲಿ ಕೂಗಿದ್ದಕ್ಕೆ ಎಸ್ಟೇಟಿನಲ್ಲಿ ಎದುರಿಲ್ಲ. ಅದು ಶಿವಯ್ಯನಿಗೂ ಗೊತ್ತು. ಕನ್ನಡಕ ಏರಿಸಿ ಶುರುಮಾಡಿದ. ‘ಸದರಿ ಮನೆಯು ಯಾರ ಹೆಸರಿನಲ್ಲಿದ್ದಾಗ್ಯೂ ಅರ್ಜಿದಾರಳನ್ನು ಅದರಿಂದ ಹೊರಹಾಕತಕ್ಕದ್ದಲ್ಲ’ ಎಂಬಲ್ಲಿಗೆ ಬಂದಾಗ ಅವನ ದನಿ ಇಳಿಯಿತು.

“ರೈಟ್ರೇ, ಇನ್ನೊಂದ್ಸಲ. ಹಿಂದಿನೋರಿಗೆ ಕೇಳಿಸ್ಲಿಲ್ಲ,” ಅಂದಳು ಕಲ್ಯಾಣಮ್ಮ. ಅವಳು ನಿಂತಿದ್ದು ಎಲ್ಲರಿಗಿಂತ ಮುಂದೆ.

ಇನ್ನೊಮ್ಮೆ ಓದಿದ. ಹಾಜರಿ ಪುಸ್ತಕದಲ್ಲಿ ಆರನೇ ಮನೆಯ ಸಾಲಿಗೆ ಬೆರಳಿಟ್ಟ. ಒಂಟಿ ಎಂದರೆ ಹೆಂಗಸೇ ಆಗಿರಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಗಂಟಲು ಸರಿಮಾಡಿಕೊಂಡು ಕೂಗಿದ:

“ಚಲುವಯ್ಯ, ಒಂಟಿ. ಹೊಂಗಡಹಳ್ಳ ಡಿವಿಜನ್, ಪಂಪ್‌ಹೌಸ್ ಪಕ್ಕದ ಶೆಡ್ಡು. ಈರಮ್ಮ, ಮನೆ ಆರು. ಹಳ್ಳದ ಪ್ಲಾಟು.”

ಚಲುವಯ್ಯನ ಬೀಡಿ ಕೈಯಲ್ಲೇ ಆರಿತು. “ನನ್ನ ಒಂಟಿ ಅಂತೀರಾ ರೈಟ್ರೇ?”

“ಹತ್ತು ಚಲುವಣ್ಣ, ಸಾಮಾನು ಆಗ್ಲೇ ಲೋಡ್ ಆಗೈತೆ,” ಎಂದ ಅಫ್ರೋಜ್, ಜೀಪು ತಿರುಗಿಸುತ್ತ.

ವಾಣಿ ಟೀಚರ್ ಈಗ ಯಾವ ಹೆಣ್ಣುಮಗಳ ಜೊತೆ ಕೋರ್ಟಿಗೆ ಹೋದರೂ ಆದೇಶದ ಒಂದು ಪ್ರತಿಯನ್ನು ಎಸ್ಟೇಟಿಗೂ ಕಳಿಸಿ ಎಂದು ಕೇಳುತ್ತಾಳೆ. ಕೆಲವೊಮ್ಮೆ ಕೋರ್ಟಿನವರು ಕಳಿಸುತ್ತಾರೆ.

ಹೊಂಗಡಹಳ್ಳಕ್ಕೆ ಹೋದ ವಾರದ ಸಂತೆಯ ದಿನ ಸಂಜೆ ಚಲುವಯ್ಯ ಲೈನಿನ ನಲ್ಲಿಯ ತನಕ ಬಂದ. ಕಾಲು ನೆಟ್ಟಗಿರಲಿಲ್ಲ. “ನನ್ನ ಛತ್ರಿ ಮರ್ತೋಗೈತೆ,” ಎಂದು ಕೂಗಿದ. ಒಂದೊಂದೇ ಬಾಗಿಲಿಂದ ಹೆಂಗಸರು ಹೊರಬಂದು ನಿಂತರು. ಬೈಕಿನಲ್ಲಿ ಬರುತ್ತಿದ್ದ ಶಿವಯ್ಯ ಗಾಡಿ ನಿಲ್ಲಿಸಿ ಮೊಬೈಲ್ ಕೈಗೆ ತೆಗೆದುಕೊಂಡ.

“ಸ್ಟೇಷನ್ನಿಗೆ ಮಾಡ್ಲೇನಪ್ಪ? ಹಾಜರಿಲಿ ಕೂಗಿ ಆಗೈತೆ, ನಂಗೆ ಬೇರೆ ದಾರಿ ಇಲ್ಲ.”

ಚಲುವಯ್ಯ ಒಂದು ಕ್ಷಣ ನಿಂತ. ಆಮೇಲೆ ಬಂದ ದಾರಿ ಹಿಡಿದ. ಛತ್ರಿ ಮರುದಿನ ಜೀಪಿನಲ್ಲಿ ಹೋಯಿತು.

ಅವತ್ತು ಅವನು ಅತ್ತ ಹೋಗುವಾಗ ಆರನೇ ನಂಬರಿನೊಳಗೆ ಶೃತಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಈರಮ್ಮ ಕೈ ತೊಳೆದು ರೊಟ್ಟಿ ತಟ್ಟಲು ಕೂತಳು. ಬಾಗಿಲು ಹಾಕಿಕೊಳ್ಳಬೇಕೆಂದು ಆ ಸಂಜೆ ಅವಳಿಗೆ ಹೊಳೆಯಲೇ ಇಲ್ಲ.