ಕೆಮ್ಮಿ ಒಳಗೆ ಹೋಗುತ್ತಿದ್ದೆ

ಹೊನ್ನಾಳಿಯಲ್ಲಿ ಮೂವತ್ತೈದು ವರ್ಷ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಸಿಗರೇಟಿನ ವಾಸನೆ ಹಿಡಿಯುವುದರಲ್ಲಿ ನನ್ನ ಮೂಗಿಗೆ ಶಾಲೆಯಲ್ಲಿ ದೊಡ್ಡ ಹೆಸರಿತ್ತು. ಕಾಂಪೌಂಡಿನ ಹಿಂದೆ ಒಂದೇ ಸಿಗರೇಟನ್ನು ನಾಲ್ವರು ಹಂಚಿಕೊಂಡು ಸೇದಿ, ಸೀಬೆ ಎಲೆ ಜಗಿದು ಬಂದವರನ್ನೂ ಪ್ರಾರ್ಥನೆಯ ಸಾಲಿನಿಂದ ಹೊರಗೆಳೆಯುತ್ತಿದ್ದೆ. ಮೈದಾನಕ್ಕೆ ಹತ್ತು ಸುತ್ತು ಓಡಿಸಿ, ಅವರು ಏದುಸಿರು ಬಿಡುತ್ತಿರುವಾಗ ಶ್ವಾಸಕೋಶದ ಬಗ್ಗೆ ಭಾಷಣ ಬೇರೆ ಬಿಗಿಯುತ್ತಿದ್ದೆ. ಹುಡುಗರ ಅಪ್ಪಂದಿರು ಬಂದು ಕೈಮುಗಿದು ಹೋಗುತ್ತಿದ್ದರು. ಇಂಥ ಮೂಗು ಒಬ್ಬನ ವಿಷಯದಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಕೆಲಸ ಮಾಡಲಿಲ್ಲ. ಅವನು ನನ್ನ ಸ್ವಂತ ತಮ್ಮ.

ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಜಗಳೂರಿನ ಹತ್ತಿರದ ನಮ್ಮೂರಿನಲ್ಲಿ ಅಪ್ಪ ತೀರಿಕೊಂಡಾಗ ಅವನಿನ್ನೂ ಏಳನೇ ಕ್ಲಾಸು. ನನಗೆ ಕೆಲಸ ಸಿಕ್ಕ ಮೇಲೆ ಅವನನ್ನು ಹೊನ್ನಾಳಿಗೆ ಕರೆತಂದು ಓದಿಸಿದೆ, ಐಟಿಐ ಮಾಡಿಸಿದೆ, ನ್ಯಾಮತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿಸಿಕೊಟ್ಟೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸುವ ಕೆಲಸ. ಬೇಸಿಗೆ ಬಂತೆಂದರೆ ಅವನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಪ್ಪನ ಜಾಗದಲ್ಲಿ ನಿಂತು ಬೆಳೆಸಿದ ಎಂದು ನೆಂಟರೆಲ್ಲ ನನ್ನನ್ನು ಹೊಗಳುತ್ತಿದ್ದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊಗಳಿಕೆ ನನಗೆ ಬಲು ರುಚಿಸುತ್ತಿತ್ತು.

ಅಂಗಡಿ ಶುರುವಾದ ಎರಡನೇ ವರ್ಷ ಒಂದು ದಿನ ಹೇಳದೆ ಕೇಳದೆ ಹೋದೆ. ಹಿಂಬದಿಯಲ್ಲಿ ನೀರಿನ ತೊಟ್ಟಿಯ ಪಕ್ಕ, ನನಗೆ ಬೆನ್ನು ಹಾಕಿ ಕೂತು ಸಿಗರೇಟು ಸೇದುತ್ತಿದ್ದ. ಹೊಗೆಯನ್ನು ಒಳಗೆ ಎಳೆದುಕೊಂಡು ಸಾವಕಾಶ ಬಿಡುವ ರೀತಿಯಲ್ಲೇ ಇದು ನಿನ್ನೆ ಮೊನ್ನೆಯ ಚಟವಲ್ಲ ಎಂದು ಗೊತ್ತಾಯಿತು. ಕೂಗಬೇಕೆಂದು ಬಾಯಿ ತೆರೆದವನು ಕೂಗಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟು ರಸ್ತೆಗೆ ಬಂದು, ಜೋರಾಗಿ ಕೆಮ್ಮಿ, ಚಪ್ಪಲಿ ಸದ್ದು ಮಾಡುತ್ತಾ ಮತ್ತೆ ಒಳಗೆ ಹೋದೆ. ಅವನು ಬಟ್ಟೆ ಚೂರಿನಲ್ಲಿ ಕೈ ಒರೆಸುತ್ತಾ ಎದ್ದು ಬಂದ. ಬಾಯಲ್ಲಿ ಏಲಕ್ಕಿ ಇತ್ತು. ಯಾವ ಊರಿನ ಮೋಟಾರು, ಏನಾಗಿತ್ತು ಎಂದು ಕೇಳಿದೆ, ಹೇಳಿದ. ಇಬ್ಬರೂ ಟೀ ಕುಡಿದೆವು.

ಈ ಕೆಮ್ಮು ನಮ್ಮ ಮನೆತನದ್ದು. ಜಗಳೂರಿನ ಕಡೆಯ ನಮ್ಮ ಹಳೇ ಮನೆಯಲ್ಲಿ ಗಂಡಸರು ಹೊರಗಿನಿಂದ ಬಂದರೆ ಹೊಸ್ತಿಲಾಚೆಯೇ ಒಮ್ಮೆ ಕೆಮ್ಮುತ್ತಿದ್ದರು. ಒಳಗೆ ಸೊಸೆಯಂದಿರು ಸೆರಗು ಸರಿ ಮಾಡಿಕೊಳ್ಳಲಿ, ಕಾಲು ಚಾಚಿ ಕೂತವರು ಎದ್ದುಕೊಳ್ಳಲಿ ಎಂದು. ಕಾಣಬಾರದ್ದನ್ನು ಕಾಣದಿರುವುದು ದೊಡ್ಡವರ ದೊಡ್ಡತನ ಎಂದು ಅಜ್ಜನಿಂದ ಕಲಿತದ್ದು. ಅದನ್ನೇ ತಮ್ಮನ ಸಿಗರೇಟಿಗೂ ಅನ್ವಯಿಸಿದೆ. ನಮ್ಮ ಕಡೆ ಸಿಗರೇಟು ಸೇದುವುದು ದೊಡ್ಡ ತಪ್ಪಲ್ಲ, ಅಣ್ಣನ ಎದುರು ಸೇದುವುದು ತಪ್ಪು. ಅವನು ಆ ತಪ್ಪು ಮಾಡದಂತೆ ನೋಡಿಕೊಳ್ಳುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಅವನು ಬಚ್ಚಿಡುವುದರಲ್ಲಿ ಪಳಗಿದ, ನಾನು ಕೆಮ್ಮುವುದರಲ್ಲಿ ಪಳಗಿದೆ.

ಒಮ್ಮೆ ಎರಡೂ ಮನೆಯವರು ಸೂಳೆಕೆರೆಗೆ ಹೋಗಿದ್ದೆವು. ರೊಟ್ಟಿ ಬುತ್ತಿ ಬಿಚ್ಚಿ ಉಂಡಾದ ಮೇಲೆ ಅವನು ಚಡಪಡಿಸತೊಡಗಿದ. ತೂಬು ನೋಡಿಕೊಂಡು ಬರುತ್ತೇನೆ ಎಂದ. ಆ ತೂಬನ್ನು ಅವನು ಹತ್ತು ಸಲ ನೋಡಿದ್ದ. ನಾನು ಬೇಕೆಂದೇ ಏರಿಯ ಮೇಲೆ ಎದುರು ದಿಕ್ಕಿಗೆ ವಾಕಿಂಗ್ ಹೊರಟೆ, ಅದೂ ನಿಧಾನವಾಗಿ, ಒಂದಲ್ಲ ಎರಡು ಸೇದಿಕೊಳ್ಳಲಿ ಎಂದು. ಚನ್ನಗಿರಿಯಲ್ಲಿ, ಅವನ ಹೆಂಡತಿಯ ತವರಿನ ಮದುವೆಗಳಲ್ಲಿ, ಮೊದಲ ಪಂಕ್ತಿಗೇ ಊಟಕ್ಕೆ ಕೂರುತ್ತಿದ್ದೆ. ಅಷ್ಟು ಹೊತ್ತು ಅವನು ಛತ್ರದ ಹಿಂದೆ ನಿರಾಳವಾಗಿರುತ್ತಿದ್ದ. ಅಲ್ಲಿ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, ನನಗೊಬ್ಬನಿಗೇ ಕೇಳುವಂತೆ, ಇಷ್ಟು ವರ್ಷದಲ್ಲಿ ಅಣ್ಣನ ಕಣ್ಣಿಗೆ ಬೀಳುವಂತೆ ಒಂದು ದಿನ ಸೇದಿದವನಲ್ಲ, ಈಗಿನ ಕಾಲದಲ್ಲಿ ಇಂಥ ತಮ್ಮ ಸಿಗುವುದಿಲ್ಲ ಎಂದಿದ್ದರು. ನಾನು ಮಾತು ಅರ್ಥವಾಗದವನಂತೆ ನಕ್ಕೆ. ಎದೆ ಮಾತ್ರ ಉಬ್ಬಿತ್ತು.

ಬೈದು ಬಿಡಿಸಬಹುದಿತ್ತಲ್ಲ ಎಂದು ಈಗ ಓದುವವರಿಗೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತಿತ್ತು. ಕೆಲವು ಸಲ ಬಸ್ಸಿನಲ್ಲಿ ನ್ಯಾಮತಿಗೆ ಹೋಗುವಾಗ ಮಾತುಗಳನ್ನು ಜೋಡಿಸಿಕೊಂಡೇ ಹೋಗುತ್ತಿದ್ದೆ. ಆದರೆ ಬೈದರೆ ಅವನು ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಂಡು ಬಿಡದೇ ಹೋದರೆ? ಆಮೇಲೆ ನನ್ನ ಮಾತಿಗೆ ಬೆಲೆ ಏನು? ಬಚ್ಚಿಡುತ್ತಿರುವಷ್ಟು ದಿನ ನನಗೆ ಹೆದರುತ್ತಿದ್ದಾನೆ ಎಂದಾದರೂ ಇರುತ್ತದೆ. ಅಂಗಡಿ ಹತ್ತಿರ ಬಸ್ಸು ನಿಲ್ಲುವಷ್ಟರಲ್ಲಿ ಜೋಡಿಸಿಕೊಂಡ ಮಾತೆಲ್ಲ ಗಂಟಲಲ್ಲೇ ಉಳಿದು, ಬರೀ ಕೆಮ್ಮು ಹೊರಗೆ ಬರುತ್ತಿತ್ತು.

ಆಮೇಲೆ ಅವನಿಗೇ ಕೆಮ್ಮು ಶುರುವಾಯಿತು. ಮಳೆಗಾಲದಲ್ಲಿ ಬಂದದ್ದು ಚಳಿಗಾಲ ಕಳೆದರೂ ಹೋಗಲಿಲ್ಲ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದ. ಕಫದಲ್ಲಿ ರಕ್ತದ ಗೆರೆ ಕಂಡ ದಿನ ಅವನ ಹೆಂಡತಿ ನನಗೆ ಫೋನು ಮಾಡಿದಳು. ಮೂವರೂ ಪರಿಚಯದ ಡಾಕ್ಟರೊಬ್ಬರ ಹತ್ತಿರ ಹೋದೆವು. ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಒಂದು ಬಿಳಿ ಮಚ್ಚೆ ಇತ್ತು. ನಾನು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ, ಅವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಡಾಕ್ಟರು ಬರೆಯುತ್ತಾ ತಲೆ ಎತ್ತದೆ, ಬೀಡಿ ಸಿಗರೇಟು ಅಭ್ಯಾಸ ಇದೆಯೇ ಎಂದು ಕೇಳಿದರು.

ತಮ್ಮ ಒಂದು ಗಳಿಗೆ ನನ್ನ ಕಡೆ ನೋಡಿದ. ನಲವತ್ತಾರು ವರ್ಷದ, ಮದುವೆ ವಯಸ್ಸಿಗೆ ಬರುತ್ತಿರುವ ಮಗಳಿದ್ದ ಗಂಡಸು.

‘ಇಲ್ಲ ಸಾರ್. ಅಂಗಡ್ಯಾಗೆ ವಾರ್ನಿಷ್ ಹೊಗೆ ಕುಡಿತೀನಿ, ಅಷ್ಟೇಯ.’

ಡಾಕ್ಟರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರ ಮಗ ನನ್ನ ಕೈಯಲ್ಲಿ ಕಬಡ್ಡಿ ಕಲಿತವನು. ನನ್ನ ಮೇಲೆ ಅವರಿಗೆ ನಂಬಿಕೆ.

‘ಹೌದೇನ್ರೀ ಮೇಷ್ಟ್ರೇ?’

‘ಅಂಥಾದ್ದೇನೂ ಇಲ್ರೀ ಅವನಿಗೆ,’ ಎಂದೆ.

ಅಷ್ಟು ಸಲೀಸಾಗಿ ಬಂತು ಮಾತು. ತಮ್ಮನ ಭುಜ ಕೆಳಗಿಳಿದದ್ದು, ಅವನು ಉಸಿರು ಬಿಟ್ಟದ್ದು ನನಗೆ ಪಕ್ಕದಲ್ಲೇ ತಿಳಿಯಿತು. ಅವನ ಮಾನ ಉಳಿಸಿದೆ ಎಂದು ಆ ಕ್ಷಣ ನಾನು ನಿಜವಾಗಿಯೂ ಸಮಾಧಾನಪಟ್ಟೆ. ಡಾಕ್ಟರು ಟಿಬಿ ಇರಬಹುದು ಎಂದರು. ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಎಕ್ಸ್‌ರೇ ನೋಡಿ ಮಾತ್ರೆ ಶುರು ಮಾಡಿದರು. ತಪ್ಪು ಅವರದಲ್ಲ; ನಾವು ಕೊಟ್ಟ ಉತ್ತರಕ್ಕೆ ತಕ್ಕ ಔಷಧಿ ಕೊಟ್ಟರು.

ನಾಲ್ಕು ತಿಂಗಳು ಮಾತ್ರೆ ನುಂಗಿದ. ಒಂದು ದಿನವೂ ತಪ್ಪಿಸಬಾರದೆಂದು ನಾನೇ ದಿನಾ ಬೆಳಿಗ್ಗೆ ಫೋನು ಮಾಡಿ ವಿಚಾರಿಸುತ್ತಿದ್ದೆ. ಮಾತ್ರೆಯ ವಿಷಯದಲ್ಲಿ ನನ್ನಷ್ಟು ಶಿಸ್ತಿನ ಅಣ್ಣ ಇನ್ನೊಬ್ಬನಿಲ್ಲ. ಫೋನಿನಲ್ಲಿ ಅವನ ಧ್ವನಿ ದಿನದಿನಕ್ಕೆ ಗೊಗ್ಗರಾಗುತ್ತಾ ಹೋಯಿತು, ಕೊನೆಗೆ ಬರೀ ಗಾಳಿ ಬಂದಂತೆ ಕೇಳಿಸುತ್ತಿತ್ತು. ಆಗ ದಾವಣಗೆರೆಗೆ ಕರೆದೊಯ್ದೆ.

ಅಲ್ಲಿನ ದೊಡ್ಡ ಡಾಕ್ಟರು ವಯಸ್ಸಾದವರು. ಅದೇ ಪ್ರಶ್ನೆ ಕೇಳಿದರು, ತಮ್ಮ ಅದೇ ರೀತಿ ನನ್ನ ಕಡೆ ನೋಡಿದ. ಅವರು ಉತ್ತರಕ್ಕೆ ಕಾಯಲಿಲ್ಲ. ಅವನ ಬಲಗೈ ಹಿಡಿದು, ತೋರುಬೆರಳು ನಡುಬೆರಳುಗಳ ಹಳದಿ ಕಲೆಯನ್ನು ನೋಡಿ, ಸ್ವಲ್ಪ ಹೊರಗೆ ಕೂತಿರಿ ಎಂದು ನನಗೆ ಹೇಳಿದರು. ನಾನು ಎದ್ದು ಹೊರಗೆ ಹೋದೆ. ಒಳಗೆ ಐದು ನಿಮಿಷದಲ್ಲಿ ಅವನು ಎಲ್ಲವನ್ನೂ ಹೇಳಿದನಂತೆ. ಹತ್ತೊಂಬತ್ತನೇ ವಯಸ್ಸಿನಿಂದ, ದಿನಕ್ಕೆ ಒಂದೂವರೆ ಪ್ಯಾಕು, ಮಾತ್ರೆ ನುಂಗುವ ದಿನಗಳಲ್ಲೂ. ಅದನ್ನು ಹೇಳಲು ಅವನಿಗೆ ಬೇಕಾಗಿದ್ದದ್ದು ನಾನು ಎದ್ದು ಹೋಗುವುದೊಂದೇ.

ಸ್ಕ್ಯಾನು, ಸೂಜಿ ಹಾಕಿ ತೆಗೆದ ಚೂರಿನ ಪರೀಕ್ಷೆ ಎಲ್ಲ ಆದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಎಂದರು. ಲಿವರಿಗೂ ಹೋಗಿತ್ತು. ಇಷ್ಟು ವರ್ಷ ಇಷ್ಟು ಸೇದಿದವನಿಗೆ ಇದು ಅನಿರೀಕ್ಷಿತವೇನಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾಲ್ಕು ತಿಂಗಳ ಹಿಂದೆಯೇ ಸೇದುವ ವಿಷಯ ಹೇಳಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಕೇಳಿದೆ. ಆಗಲೇ ಸ್ಕ್ಯಾನು ಮಾಡಿಸುತ್ತಿದ್ದರು, ಉಳಿಯುತ್ತಿದ್ದನೋ ಇಲ್ಲವೋ ಯಾರೂ ಹೇಳಲಾರರು, ಆದರೆ ಹೋರಾಡಲು ಇನ್ನಷ್ಟು ದಾರಿ ಇರುತ್ತಿತ್ತು ಎಂದರು. ಯಾರೂ ಹೇಳಲಾರರು ಎಂಬ ಅವರ ಮಾತನ್ನು ಹಿಡಿದುಕೊಂಡು ಎಷ್ಟೋ ದಿನ ತಳ್ಳಿದೆ. ಅದು ಹೆಚ್ಚು ಕಾಲ ಬಾಳಿಕೆ ಬರಲಿಲ್ಲ.

ಕೀಮೋ ಮೂರನೇ ಸಲಕ್ಕೆ ನಿಂತಿತು. ಅವನನ್ನು ನ್ಯಾಮತಿಯ ಮನೆಗೆ ಕರೆತಂದೆವು. ಒಂದು ಮಧ್ಯಾಹ್ನ ನಾನೊಬ್ಬನೇ ಮಂಚದ ಪಕ್ಕ ಕೂತಿದ್ದೆ. ಅವನು ನನ್ನ ಕೈ ಎಳೆದುಕೊಂಡ. ಕಿವಿ ಬಾಯಿಯ ಹತ್ತಿರ ತಂದರೆ ಮಾತ್ರ ಅವನ ಮಾತು ಕೇಳಿಸುತ್ತಿತ್ತು.

‘ತಪ್ಪಾತಣ್ಣ. ನಿಂಗೆ ಇಷ್ಟು ವರ್ಷ ಮೋಸ ಮಾಡ್ದೆ.’

ಆಗ ಹೇಳಬೇಕಿತ್ತು. ಮೋಸ ಏನೂ ಇಲ್ಲ ಕಣೋ, ನೀನು ಸೇದುವುದು ಮೊದಲಿಂದ ನನಗೆ ಗೊತ್ತಿತ್ತು ಎಂದು ಒಂದು ಸಾಲು. ಅವನು ಸಾಯುವ ಮೊದಲು ಆ ಭಾರವನ್ನಾದರೂ ಇಳಿಸಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಅವನ ಕಣ್ಣಲ್ಲಿ ಬರುತ್ತದೆಂದು ಹೆದರಿದೆ. ಇರಲಿ ಬಿಡು ಎಂದು ಅವನ ತಲೆ ಸವರಿದೆ. ದೊಡ್ಡ ಮನಸ್ಸಿನಿಂದ ಕ್ಷಮಿಸಿದ ಹಾಗೆ. ನಾಲ್ಕು ದಿನ ಕಳೆದು ಹೋಗಿಬಿಟ್ಟ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಕೀಳು ಕೆಲಸ ಆ ತಲೆ ಸವರಿದ್ದು.

ವರ್ಷ ತುಂಬುವ ಮೊದಲೇ ಅವನ ಹೆಂಡತಿ ಅಂಗಡಿ ಬಾಡಿಗೆಗೆ ಕೊಟ್ಟು, ಮಗಳನ್ನು ಕರೆದುಕೊಂಡು ಚನ್ನಗಿರಿಯ ತವರಿಗೆ ಹೋದಳು. ಕಳೆದ ತಿಂಗಳು ಅವರನ್ನು ನೋಡಿಬರಲು ಹೋಗಿದ್ದೆ. ಮಗಳು ಕಾಲೇಜಿಗೆ ಹೋಗಿದ್ದಳು. ನಾನು ಹೊರಡುವ ಹೊತ್ತಿಗೆ ತಮ್ಮನ ಹೆಂಡತಿ ನಡುಮನೆಯಲ್ಲಿ ನನ್ನ ಕಾಲಿಗೆ ಬಿದ್ದು ಅಳತೊಡಗಿದಳು. ಅವನು ಮಗಳ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡಿದ್ದನಂತೆ, ಅಣ್ಣನಿಗೆ ಹೇಳಬಾರದೆಂದು. ಆ ದಿನ ಡಾಕ್ಟರ ಮುಂದೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳಂತೆ.

‘ನೀವು ಇಲ್ಲ ಅಂದಾಗ, ಪಾಪ ಬಾವಾರಿಗೆ ಗೊತ್ತೇ ಇಲ್ಲ ಅಂದ್ಕೊಂಡೆ. ನಾನೊಂದು ಮಾತು ನಿಮ್ಮ ಕಿವಿಗೆ ಹಾಕಿದ್ರೆ ನೀವು ಗದರಿಸಿ ಬಿಡಿಸ್ತಿದ್ರಿ. ಅವ್ರನ್ನ ನಾನೇ ಕಳಕೊಂಡೆ.’

ಗಂಡನನ್ನು ಕೊಂದವಳು ತಾನು ಎಂದು ಆ ಹೆಣ್ಣುಮಗಳು ಇಷ್ಟು ದಿನ ನಂಬಿ ಬದುಕಿದ್ದಳು. ತಮ್ಮನಿಗೆ ಇರಲಿ ಬಿಡು ಎಂದ ಬಾಯಿಗೆ ಮತ್ತೊಮ್ಮೆ ಅದೇ ಮಾತು ಬಂದಿತ್ತು. ಈ ಸಲ ಆಗಲಿಲ್ಲ. ಅವಳನ್ನು ಏಳಿಸಿ ಹೇಳಿದೆ. ನಿನ್ನ ಮದುವೆಗೂ ಮುಂಚಿನಿಂದ ನನಗೆ ಗೊತ್ತಿತ್ತು ಎಂದೆ. ನೀರಿನ ತೊಟ್ಟಿಯ ಪಕ್ಕ ಕಂಡದ್ದು, ಕೆಮ್ಮಿ ಒಳಗೆ ಹೋದದ್ದು ಎಲ್ಲ ಹೇಳಿದೆ.

ಅವಳ ಅಳು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಸೆಯಾಗಿ ಬಂದಾಗಿನಿಂದ ಅವಳು ಒಂದು ದಿನವೂ ನನ್ನೆದುರು ಕೂತವಳಲ್ಲ. ಆಗ ಗೋಡೆಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ನನಗೆ ಮುಖಾಮುಖಿ ಕೂತಳು.

‘ಗೊತ್ತಿದ್ದೂ ಡಾಕ್ಟ್ರಿಗೆ ಇಲ್ಲ ಅಂದ್ರಲ್ಲ, ಯಾಕೆ?’

‘ಮರ್ಯಾದೆ ಹೋಗ್ತದೆ ಅಂತ, ತಾಯಿ.’

‘ಯಾರದು?’

ತಮ್ಮನದು ಎಂದು ಹೇಳಲು ಬಾಯಿ ತೆರೆದೆ. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು.

‘ನಂದು,’ ಅಂದೆ.