ರಿಪೋರ್ಟಿನಲ್ಲಿ ಇಲ್ಲದ ತಪ್ಪು

ಕಳೆದ ವಾರ ಮೊಮ್ಮಗಳ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಗಾಜಿನ ಭರಣಿಗಳಿದ್ದ ಮೇಜಿನ ಹತ್ತಿರ ಹೋದೆನೋ ಇಲ್ಲವೋ, ಫಾರ್ಮಲಿನ್ ವಾಸನೆ ಮೂಗಿಗೆ ಅಡರಿತು. ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ಅದು ವಾಸನೆಗೆ ಎಂದುಕೊಂಡಳು. ನನಗೆ ಅಜೆಕಾರಿನ ಆ ಹುಡುಗಿಯ ನೆನಪಾಗಿತ್ತು...

ಆಗ ನಾನು ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಒಂದು ದಿನ ಹೆರಿಗೆ ವಾರ್ಡಿನಿಂದ ಫಾರ್ಮಲಿನ್‌ನಲ್ಲಿಟ್ಟ ಮಾಸು, ಅಂದರೆ ಪ್ಲಾಸೆಂಟಾ, ಪರೀಕ್ಷೆಗೆ ಬಂತು. ತಾಯಿಗೆ ಜ್ವರ ಬಂದು, ಆರನೇ ತಿಂಗಳಲ್ಲೇ ನೀರು ಒಡೆದು ಹುಟ್ಟಿದ ಮಗು ಒಂದು ಗಂಟೆಯೂ ಬದುಕಿರಲಿಲ್ಲ. ಮೂರು ದಿನ ಬಿಟ್ಟು ಆ ತಾಯಿಯೇ ಬಂದಳು, ಅಜೆಕಾರಿನಿಂದ ಎರಡು ಬಸ್ಸು ಬದಲಿಸಿ, ಒಬ್ಬಳೇ. ಚೂಡಿದಾರದ ಎದೆಭಾಗ ಒದ್ದೆಯಾಗಿತ್ತು. ಕುಡಿಯುವ ಮಗುವಿಲ್ಲವೆಂದು ಹಾಲಿಗೆ ಗೊತ್ತಿರಲಿಲ್ಲ.

"ಅಕ್ಕಾ, ರಿಪೋರ್ಟ್ ಬಂತಾ?"

ಇಲ್ಲ ಎಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ಆಮೇಲೆ ಮತ್ತೊಮ್ಮೆ. ಕೊನೆಗೆ ರಿಪೋರ್ಟ್ ಹಿಡಿದುಕೊಂಡು ವಾರ್ಡಿನ ಡಾಕ್ಟರನ್ನು ಕಂಡು, ತಿರುಗಿ ನನ್ನ ಹತ್ತಿರವೇ ಬಂದಳು. ಅವರು ಅವಸರದಲ್ಲಿ "ಇನ್ಫೆಕ್ಷನ್" ಎಂದಷ್ಟೇ ಹೇಳಿದ್ದರಂತೆ. ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ಕಾಗದವನ್ನು ನನ್ನ ಮುಂದೆ ಹಿಡಿದಳು.

"ಇದರಲ್ಲಿ ನನ್ನ ತಪ್ಪು ಎಲ್ಲಿ ಬರೆದದ್ದುಂಟು, ತೋರಿಸಿ ಅಕ್ಕಾ."

ಹೆರಿಗೆಗೆ ಸ್ವಲ್ಪ ಮೊದಲು, ತನ್ನ ಅಕ್ಕನ ಹೊಸ ಮನೆಯ ಒಕ್ಕಲಿಗೆಂದು ಅವಳು ಬಸ್ಸಿನಲ್ಲಿ ಕಾಪುವಿಗೆ ಹೋಗಿ ಬಂದಿದ್ದಳು. ಆ ಕುಲುಕಾಟಕ್ಕೇ ಮಗು ಹೋಯಿತೆಂದು ಅತ್ತೆ ದಿನಾ ಹೇಳುತ್ತಿದ್ದರು. ಗಂಡ ಮಾತು ಬಿಟ್ಟಿದ್ದ.

ನನಗೆ ತಿಳಿದಷ್ಟು ಹೇಳಿದೆ. ಬ್ಯಾಕ್ಟೀರಿಯಾ ಕೆಳಗಿನಿಂದ ಮೇಲೇರಿ, ಮಗುವಿನ ಸುತ್ತಲಿನ ಪೊರೆಗೆ, ಅಲ್ಲಿಂದ ಮಾಸಿಗೆ ತಗುಲಿದೆ. ಅದಕ್ಕೇ ಜ್ವರ, ಅದಕ್ಕೇ ನೀರು ಒಡೆದದ್ದು.

"ಬಸ್ಸಿನಿಂದ ಅಲ್ವಾ?"

"ಅಲ್ಲ ತಂಗಿ. ನೀನು ಎಂತದೂ ಮಾಡಿದ್ದಲ್ಲ."

ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅದನ್ನೇ ಕನ್ನಡದಲ್ಲಿ ಬರೆದು ಕೊಡಿ ಅಕ್ಕಾ. ನಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ."

ನಾವು ಲ್ಯಾಬಿನವರು ಹಾಗೆಲ್ಲ ಬರೆದುಕೊಡುವಂತಿರಲಿಲ್ಲ. ನಾಳೆ ಯಾರಾದರೂ ಕೇಳಿದರೆ ನನ್ನ ಕೆಲಸ... "ಆಗುವುದಿಲ್ಲ, ಡಾಕ್ಟರ ಹತ್ತಿರ ಕೇಳು" ಎಂದೆ. ಅವಳು ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೊರಟುಹೋದಳು.

ಮರುವರ್ಷ ಅದೇ ಹೆಸರಿನ ಚೀಟಿ ಅಂಟಿಸಿದ ಡಬ್ಬಿ ಬಂತು. ಅದೇ ಅಜೆಕಾರು. ವಯಸ್ಸು ಮಾತ್ರ ಒಂದು ಹೆಚ್ಚು. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ವಾರ್ಡಿಗೆ ಓಡಿದೆ. ಮಂಚ ಖಾಲಿ ಇತ್ತು. ಅಲ್ಲಿದ್ದ ಆಯಾ ಹೇಳಿದಳು: ಏಳನೇ ತಿಂಗಳಲ್ಲಿ ಜ್ವರ ಬಂದಿತ್ತು, ಸ್ವಲ್ಪ ಸ್ವಲ್ಪ ನೀರೂ ಹೋಗುತ್ತಿತ್ತು. ಮನೆಯವರು ಮತ್ತೆ ಬೈಯುತ್ತಾರೆಂದು ಹೆದರಿ ಮೂರು ದಿನ ಯಾರಿಗೂ ಹೇಳಿರಲಿಲ್ಲ. ನಂಜು ರಕ್ತಕ್ಕೆ ಇಳಿದ ಮೇಲೆ ಕರೆದುಕೊಂಡು ಬಂದರು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ.

ಸ್ಲೈಡನ್ನು ನಾನೇ ಮಾಡಿದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದೂ ಅದೇ ಸೋಂಕು.

ಈಗ ನಿವೃತ್ತಳಾಗಿ ಅಂಬಲಪಾಡಿಯಲ್ಲಿದ್ದೇನೆ. ಅಜೆಕಾರಿನ ಬಸ್ಸು ಹತ್ತಿ ಆ ಮನೆಯವರಿಗೆ ವಿಷಯ ಹೇಳಿ ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೋಗಲಿಲ್ಲ. ಹೋಗಿ ಹೇಳಿದರೂ, ಕೇಳಿ ಸಮಾಧಾನಪಡಬೇಕಾದವಳು ಅಲ್ಲಿಲ್ಲ. ಅಂದು ನಾಲ್ಕು ಸಾಲು ಬರೆದುಕೊಟ್ಟಿದ್ದರೆ ಅವಳು ಜ್ವರವನ್ನು ಮುಚ್ಚಿಡುತ್ತಿರಲಿಲ್ಲವೇನೋ... ಯಾರನ್ನು ಕೇಳಲಿ?